ಮೂಲಂಗಿ ಎಲೆಯ ಕಪ್ಪು ಹುಳು

ನಮ್ಮ ಅತ್ತೆಯವರು ಮೂಲಂಗಿಯನ್ನು ಯಾವತ್ತೂ ಸೊಪ್ಪು ಮುರಿದು ತಂದವರಲ್ಲ. ಗೆಡ್ಡೆ ಹುಳಿಗೆ, ಎಳೆ ಸೊಪ್ಪು ಪಲ್ಯಕ್ಕೆ, ಬಲಿತ ಎಲೆ ಹಸುವಿಗೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಸೊಪ್ಪು ಬಿಡಿಸಲು ಕೂತರೆ ಅವರು ಒಲೆಯ ಮುಂದಿನಿಂದಲೇ ಹೇಳುತ್ತಿದ್ದರು, "ಎಲೆ ಮಗುಚಿ ನೋಡೇ, ಕರೀ ಹುಳ ಇರುತ್ತೆ." ಇರುತ್ತಲೂ ಇತ್ತು. ಅರ್ಧ ಬೆರಳಿಗಿಂತ ಚಿಕ್ಕದು, ಕಪ್ಪು ಮಿಶ್ರಿತ ಹಸಿರು, ಬೆನ್ನ ಮೇಲೆ ಉದ್ದಕ್ಕೆ ಕಪ್ಪು ಗೀರು. ಬೆರಳು ತಾಗಿದರೆ ಸಾಕು, ಸುರುಳಿ ಸುತ್ತಿಕೊಂಡು ಸತ್ತಂತೆ ಕೆಳಗೆ ಬಿದ್ದುಬಿಡುವುದು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮೆಲ್ಲಗೆ ಬಿಚ್ಚಿಕೊಂಡು ನಡೆಯುವುದು. ಚಳಿಗಾಲದಲ್ಲಿ ಹಿತ್ತಲಲ್ಲಿ ಮೂಲಂಗಿ ಬೆಳೆದವರೆಲ್ಲ ಇದನ್ನು ಕಂಡಿರುತ್ತೀರಿ. ಕಂಡು, ಅಯ್ಯೋ ಎಂದು ಕಸದ ಬುಟ್ಟಿಗೆ ಹಾಕಿರುತ್ತೀರಿ. ನಾನೂ ಹಾಗೆಯೇ ಮಾಡುತ್ತಿದ್ದೆ.

ಈ ಹುಳುವಿನ ಬಗ್ಗೆ ಬರೆಯಬೇಕೆಂದು ಕೂತಿರುವುದಕ್ಕೆ ಕಾರಣ ನನ್ನ ತರಗತಿಯಲ್ಲಿ ನಡೆದ ಒಂದು ಸಂಗತಿ. ಅದನ್ನು ಇಷ್ಟು ವರ್ಷ ಯಾರ ಮುಂದೆಯೂ ಪೂರ್ತಿಯಾಗಿ ಹೇಳಿರಲಿಲ್ಲ.

1995ರ ಚಳಿಗಾಲ. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಓದಿದ್ದು ಬಿ.ಎ., ಬಿ.ಎಡ್.; ಪಾಠ ಮಾಡಬೇಕಾಗಿದ್ದದ್ದು ಇತಿಹಾಸ, ಸಮಾಜ. ಆದರೆ ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋಗಿ ಆ ಜಾಗಕ್ಕೆ ಯಾರೂ ಬರಲಿಲ್ಲ. ಎಂಟನೆಯ ತರಗತಿಯ ಜೀವಶಾಸ್ತ್ರ ನನ್ನ ಕುತ್ತಿಗೆಗೆ ಬಿತ್ತು. ಹಿಂದಿನ ರಾತ್ರಿ ಓದಿಕೊಂಡು ಮಾರನೆಯ ದಿನ ಒಪ್ಪಿಸುತ್ತಿದ್ದೆ. ಮಕ್ಕಳು ಪ್ರಶ್ನೆ ಕೇಳದಿದ್ದರೆ ಸಾಕು ಎಂದು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿಯುತ್ತಿದ್ದೆ.

ಚಿಟ್ಟೆಯ ಜೀವನಚಕ್ರದ ಪಾಠ ಮುಗಿಸಿದ ಮಾರನೆಯ ದಿನ ಒಬ್ಬ ಹುಡುಗಿ ಬೆಂಕಿಪೊಟ್ಟಣ ಹಿಡಿದು ಬಂದಳು. ಅವಳ ತಾಯಿ ಕೆರೆ ಏರಿಯ ಕೆಳಗೆ ಸೊಪ್ಪು, ಮೂಲಂಗಿ ಬೆಳೆದು ಬುಟ್ಟಿಯಲ್ಲಿ ಹೊತ್ತು ನಮ್ಮ ಬೀದಿಗಳಲ್ಲಿ ಮಾರುತ್ತಿದ್ದಳು. ಪೊಟ್ಟಣದಲ್ಲಿ ಅದೇ ಕಪ್ಪು ಹುಳುಗಳು. "ಇದು ಯಾವ ಚಿಟ್ಟೆಯ ಹುಳು ಟೀಚರ್?" ಎಂದಳು. ಯಾವುದೋ ಒಂದು ಚಿಟ್ಟೆಯದು ಎಂದೆ. ಅವಳು ಕೂರಲಿಲ್ಲ. "ಪುಸ್ತಕದ ಚಿತ್ರದಲ್ಲಿ ಹುಳಕ್ಕೆ ಹೊಟ್ಟೆಯ ಕಡೆ ಐದು ಜೊತೆ ಕಾಲು ಇದೆ. ಇದಕ್ಕೆ ಎಂಟು ಜೊತೆ ಇದೆ. ನಾನು ನಾಲ್ಕು ಹುಳ ಎಣಿಸಿದೆ." ತರಗತಿ ನನ್ನ ಮುಖ ನೋಡುತ್ತಿತ್ತು. "ಹುಳದ ಕಾಲು ಎಣಿಸುವ ಹೊತ್ತಿನಲ್ಲಿ ನೋಟ್ಸ್ ಬರೆದುಕೋ, ಕೂತ್ಕೋ" ಎಂದೆ. ಮಕ್ಕಳು ನಕ್ಕರು. ಅವಳು ಕೂತಳು.

ಆದರೆ ಅವಳು ಬಿಟ್ಟವಳಲ್ಲ. ಹುಳುಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಮಣ್ಣು ಹಾಕಿ ಮೂಲಂಗಿ ಎಲೆ ಕೊಟ್ಟು ಸಾಕಿದಳು. ಅವು ಮಣ್ಣಿನೊಳಗೆ ಇಳಿದವು. ಎರಡು ವಾರ ಕಳೆದ ಮೇಲೆ ಬಾಟಲಿಯಲ್ಲಿ ಕಿತ್ತಳೆ ಬಣ್ಣದ ಮೈ, ಕಪ್ಪು ತಲೆ, ಹೊಗೆ ಹಿಡಿದಂಥ ರೆಕ್ಕೆಯ ಪುಟ್ಟ ಕೀಟ ಕಾಣಿಸಿತು. ತಂದು ತೋರಿಸಿದಳು. "ಇದು ಹೊರಗಿನಿಂದ ಹೊಕ್ಕಿರಬೇಕು" ಎಂದುಬಿಟ್ಟೆ. ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿತ್ತು. ಅದನ್ನು ನಾನು ಕಂಡೂ ಹೇಳಿದ ಮಾತು ಅದು.

ನಿಜ ಗೊತ್ತಾಗಲು ನನಗೆ ಮೂರು ವರ್ಷ ಹಿಡಿಯಿತು. ಶಿಕ್ಷಕರ ತರಬೇತಿಯೊಂದರಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತಿದ್ದ ನಿವೃತ್ತ ಕೃಷಿ ಅಧಿಕಾರಿಯೊಬ್ಬರಿಗೆ ಮಾತಿಗೆ ಮಾತು ಬಂದು ಇದನ್ನು ಹೇಳಿದೆ. ಅವರು ಅನ್ನ ಕಲಸುತ್ತಲೇ ಹೇಳಿದರು, "ಎಂಟು ಜೊತೆ ಎಂದಳೇ? ಹಾಗಾದರೆ ಅದು ಚಿಟ್ಟೆಯದಲ್ಲಮ್ಮ. ಸಾಸಿವೆಯ ಗರಗಸ ನೊಣ. ಹುಡುಗಿ ಸರಿಯಾಗಿಯೇ ಎಣಿಸಿದ್ದಾಳೆ." ಆ ಊಟ ನನಗೆ ಸೇರಲಿಲ್ಲ.

ಅಂದಿನಿಂದ ಗ್ರಂಥಾಲಯದಲ್ಲಿ ಎಲ್ಲಿ ಸಿಕ್ಕರೂ ಈ ಕೀಟದ ಬಗ್ಗೆ ಓದುತ್ತ ಬಂದಿದ್ದೇನೆ. ಇತಿಹಾಸ ಓದಿದವಳಿಗೆ ರಾಜರ ವಂಶಾವಳಿ ಬಿಟ್ಟು ಒಂದು ಹುಳುವಿನ ವಂಶಾವಳಿ ಹಿಡಿಯುವ ಹುಚ್ಚು ಹತ್ತಿತು ಎಂದು ಮನೆಯವರು ನಗುತ್ತಾರೆ.

ನೊಣ ಎಂದು ಕರೆದರೂ ಇದು ನೊಣವಲ್ಲ. ನೊಣಕ್ಕೆ ಎರಡು ರೆಕ್ಕೆ, ಇದಕ್ಕೆ ನಾಲ್ಕು. ಜೇನು, ಕಣಜ, ಇರುವೆಗಳ ಬಳಗಕ್ಕೆ ಸೇರಿದ್ದು, ಆ ಬಳಗದಲ್ಲೇ ಹಳೆಯ ಕುಲ. ಕಣಜಕ್ಕಿರುವ ಸಣ್ಣ ನಡು ಇದಕ್ಕಿಲ್ಲ, ಕುಟುಕುವುದೂ ಇಲ್ಲ. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಕುಟುಕುವ ಮುಳ್ಳಿನ ಬದಲು ಹಲ್ಲು ಹಲ್ಲಾದ ಪುಟ್ಟ ಗರಗಸವಿದೆ. ಅದರಿಂದ ಎಲೆಯ ಅಂಚನ್ನು ಸೀಳಿ ಒಂದೊಂದಾಗಿ ಮೊಟ್ಟೆ ಇಡುತ್ತದೆ, ಒಟ್ಟು ಮೂವತ್ತು ಮೂವತ್ತೈದು. ವಾರದೊಳಗೆ ಮರಿ. ಬೆಳಿಗ್ಗೆ, ಸಂಜೆ ತಿನ್ನುವುದು, ಬಿಸಿಲೇರಿದರೆ ಅಡಗುವುದು. ಬಲಿತ ಮೇಲೆ ಮಣ್ಣಿಗಿಳಿದು ಗೂಡು ಕಟ್ಟಿ, ಹತ್ತು ಹನ್ನೆರಡು ದಿನಕ್ಕೆ ರೆಕ್ಕೆ ಪಡೆದು ಹೊರಬರುವುದು. ಆ ಹುಡುಗಿಯ ಬಾಟಲಿಯಲ್ಲಿ ಆದದ್ದು ಇದೇ. ಇನ್ನೊಂದು ವಿಚಿತ್ರವಿದೆ. ಗಂಡಿನ ಸಂಗವಿಲ್ಲದೆಯೂ ಹೆಣ್ಣು ಮೊಟ್ಟೆ ಇಡಬಲ್ಲದು; ಆಗ ಹುಟ್ಟುವುದೆಲ್ಲ ಗಂಡು. ಜೇನುಹುಳುವಿನಲ್ಲೂ ಗಂಡು ಹುಟ್ಟುವುದು ಹೀಗೆಯೇ. ಗಂಡು ಮಗುವಿಗಾಗಿ ಹರಕೆ ಹೊರುವ ನಮ್ಮವರಿಗೆ ಇದನ್ನು ಹೇಳಿದರೆ ಏನೆನ್ನುತ್ತಾರೋ.

ಮರಿಗಳ ಲೆಕ್ಕವೂ ಸರಳ. ಚಿಟ್ಟೆ, ಪತಂಗಗಳ ಹುಳುವಿಗೆ ಎದೆಯ ಭಾಗದ ಮೂರು ಜೊತೆ ನಿಜಕಾಲುಗಳ ಹಿಂದೆ ಹೆಚ್ಚೆಂದರೆ ಐದು ಜೊತೆ ತೋರಿಕೆಯ ಕಾಲು. ಈ ಗರಗಸ ನೊಣದ ಮರಿಗೆ ಎಂಟು ಜೊತೆ. ಮಿಕ್ಕ ಯಾವ ಪರೀಕ್ಷೆಯೂ ಬೇಡ, ಎಣಿಸುವುದಕ್ಕೆ ಬಂದರೆ ಸಾಕು.

ಇದನ್ನು ಜಗತ್ತು ಎಣಿಸಿ ಅರಿತ ಕಥೆ ಮೊದಲು ಬರಹಕ್ಕಿಳಿದದ್ದು ನಮ್ಮ ಕೀಟದ ಬಗ್ಗೆ ಅಲ್ಲ, ಅದರ ಯೂರೋಪಿನ ಅಕ್ಕನ ಬಗ್ಗೆ. ಅದು ಟರ್ನಿಪ್ ಗರಗಸ ನೊಣ, ಶಾಸ್ತ್ರದ ಹೆಸರು ಅಥಾಲಿಯ ರೋಸೆ. ಹೆಸರಿನಲ್ಲಿ ಗುಲಾಬಿ ಇದೆ, ಗುಲಾಬಿ ಗಿಡವನ್ನು ಅದು ಮುಟ್ಟುವುದಿಲ್ಲ. ಯೂರೋಪಿನಿಂದ ಜಪಾನಿನವರೆಗೆ ಹಬ್ಬಿರುವ ಈ ಕೀಟ ಇಂಗ್ಲೆಂಡಿನ ನಾರ್ಫೋಕ್ ಸೀಮೆಯಲ್ಲಿ 1782ರಲ್ಲಿ ದೊಡ್ಡ ಹಾವಳಿ ಎಬ್ಬಿಸಿತು. ಆ ಸೀಮೆಯ ಬೇಸಾಯವೇ ಟರ್ನಿಪ್ಪಿನ ಮೇಲೆ ನಿಂತಿತ್ತು. ಚಳಿಗಾಲದಲ್ಲಿ ಹುಲ್ಲಿಲ್ಲದಾಗ ಕುರಿ, ದನಗಳಿಗೆ ಅದೇ ಮೇವು. ದನದ ಗೊಬ್ಬರದಿಂದ ಮುಂದಿನ ಗೋಧಿ. ಟರ್ನಿಪ್ ಹೋದರೆ ಒಂದರ ಹಿಂದೊಂದು ಎಲ್ಲವೂ ಹೋಗುತ್ತದೆ. ಆ ವರ್ಷ ಸಾವಿರಾರು ಎಕರೆ ಬೆಳೆಯನ್ನು ಉತ್ತುಬಿಡಬೇಕಾಯಿತು. ಅಲ್ಲಿ ಜಮೀನು ನೋಡಿಕೊಳ್ಳುತ್ತಿದ್ದ ವಿಲಿಯಂ ಮಾರ್ಷಲ್ ಎಂಬಾತ ಇದನ್ನೆಲ್ಲ ಪತ್ರವಾಗಿ ಬರೆದ. 1783ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅದನ್ನು ಅಚ್ಚು ಹಾಕಿತು.

ಆ ಪತ್ರದ ವಿಷಯದಲ್ಲಿ ನನಗೆ ಹಿಡಿಸಿದ್ದು ರೈತರ, ಬೆಸ್ತರ ಮಾತು. ಕಪ್ಪು ಹುಳು ಕಾಣಿಸುವ ಮೊದಲು ಗಿಡಗಳ ಮೇಲೆ ಹಳದಿ ನೊಣಗಳು ಓಡಾಡಿದ್ದನ್ನು ರೈತರು ಕಂಡಿದ್ದರು. ಮೂಡಣ ಕರಾವಳಿಯ ಬೆಸ್ತರು ಅವು ಸಮುದ್ರದ ಕಡೆಯಿಂದ ಮೋಡದಂತೆ ಬಂದದ್ದನ್ನು ಕಣ್ಣಾರೆ ನೋಡಿದೆವು ಎಂದರು. ಕಟ್ಟುಕಥೆಯಂತೆ ಕೇಳಿಸುತ್ತದೆ. ಆದರೆ ಈ ನೊಣಗಳು ಬೆಚ್ಚನೆಯ ಬೇಸಿಗೆಯಲ್ಲಿ ಸಮುದ್ರ ದಾಟಿ ಬರುತ್ತವೆಂಬುದನ್ನು ಈಗಿನ ವಿಜ್ಞಾನವೂ ಒಪ್ಪುತ್ತದೆ. ಹುಳು ತೊಲಗಿಸಲು ಅಲ್ಲಿಯ ರೈತರು ಬಾತುಕೋಳಿಗಳ ಹಿಂಡನ್ನು ಹೊಲಕ್ಕೆ ಬಿಡುತ್ತಿದ್ದರು. ತಾಗಿದರೆ ಕೆಳಗೆ ಬೀಳುವ ಹುಳು ಬಾತುಕೋಳಿಗೆ ಎಷ್ಟು ಅನುಕೂಲವೆಂದು ನೀವೇ ಯೋಚಿಸಿ.

1830ರ ದಶಕದಲ್ಲಿ ಮತ್ತೆ ಹಾವಳಿಯಾಯಿತು. ಆಗ ಒಂದು ಕೃಷಿ ಸಂಘ ಬಹುಮಾನ ಸಾರಿತು. 1838ರಲ್ಲಿ ಪ್ರಬಂಧ ಬರೆದು ಬಹುಮಾನ ಪಡೆದವನು ಜಾರ್ಜ್ ನ್ಯೂಪೋರ್ಟ್. ಗಾಡಿಚಕ್ರ ಮಾಡುವ ಕಸುಬು ಕಲಿತು, ಆಮೇಲೆ ವೈದ್ಯನಾದವನು. ಮೊಟ್ಟೆಯಿಂದ ರೆಕ್ಕೆಯವರೆಗೆ ಈ ಕೀಟದ ಬಾಳನ್ನು ಅವನು ಬಿಡಿಸಿಟ್ಟ.

ಇನ್ನೂ ಸ್ವಲ್ಪ ಮುಂದೆ ಬಂದರೆ ಒಬ್ಬ ಹೆಂಗಸು ಸಿಗುತ್ತಾಳೆ. ಎಲಿನರ್ ಆರ್ಮರಾಡ್, ಹುಟ್ಟಿದ್ದು 1828ರಲ್ಲಿ. ಸ್ಥಿತಿವಂತರ ಮಗಳು, ಆದರೆ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ತಂದೆಯ ತೋಟ, ಹೊಲಗಳಲ್ಲಿ ಕೀಟಗಳನ್ನು ನೋಡಿ ನೋಡಿಯೇ ಕಲಿತಳು. 1877ರಲ್ಲಿ ಒಂದು ಚಿಕ್ಕ ಪತ್ರಿಕೆ ಅಚ್ಚು ಹಾಕಿಸಿ, ನಿಮ್ಮ ಹೊಲದಲ್ಲಿ ಕಂಡ ಹುಳುಗಳ ಬಗ್ಗೆ ನನಗೆ ಬರೆಯಿರಿ ಎಂದು ರೈತರನ್ನು ಕೇಳಿಕೊಂಡಳು. ಪತ್ರಗಳು ಬಂದವು, ಡಬ್ಬಿಗಳಲ್ಲಿ ಹುಳುಗಳೂ ಅಂಚೆಯಲ್ಲಿ ಬಂದವು. ಪ್ರತಿಯೊಂದಕ್ಕೂ ಉತ್ತರ ಬರೆದು, ವರ್ಷಕ್ಕೊಂದು ವರದಿಯನ್ನು ಸ್ವಂತ ಖರ್ಚಿನಲ್ಲಿ 1900ರವರೆಗೆ ಹೊರತಂದಳು. 1881ರಲ್ಲಿ ಬರೆದ ಕೈಪಿಡಿಯಲ್ಲಿ ಟರ್ನಿಪ್ ಗರಗಸ ನೊಣಕ್ಕೂ ಜಾಗವಿದೆ. ಆಕೆಯ ಪುಸ್ತಕಗಳಿಗೆ ಅಕ್ಕ ಜಾರ್ಜಿಯಾನ ಚಿತ್ರ ಬರೆದುಕೊಡುತ್ತಿದ್ದಳು. ಇಂಗ್ಲೆಂಡಿನ ರಾಯಲ್ ಕೃಷಿ ಸೊಸೈಟಿ 1882ರಲ್ಲಿ ಆಕೆಯನ್ನು ಕೀಟ ಸಲಹೆಗಾರ್ತಿಯಾಗಿ ನೇಮಿಸಿತು, ಸಂಬಳವಿಲ್ಲದೆ. ಹತ್ತು ವರ್ಷ ದುಡಿದಳು. 1900ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅಲ್ಲಿ ಆ ಗೌರವ ಪಡೆದ ಮೊದಲ ಹೆಂಗಸು ಆಕೆ. ಮರುವರ್ಷ ತೀರಿಕೊಂಡಳು.

ಆಕೆಯನ್ನು ದೇವತೆ ಮಾಡಲಾರೆ. ಹಣ್ಣಿನ ಮರಗಳ ಹುಳುವಿಗೆ ಪ್ಯಾರಿಸ್ ಗ್ರೀನ್ ಎಂಬ ಪಾಷಾಣದ ಪುಡಿ ಹೊಡೆಯಿರಿ ಎಂದು ಊರೂರಿಗೆ ಸಾರಿದವಳೂ ಆಕೆಯೇ. ಆದರೂ ಓದುವಾಗೆಲ್ಲ ನನಗೆ ಬೆಂಕಿಪೊಟ್ಟಣ ನೆನಪಾಗುತ್ತದೆ. ಯಾರೋ ಅಪರಿಚಿತ ರೈತ ಡಬ್ಬಿಯಲ್ಲಿ ಕಳಿಸಿದ ಹುಳುವನ್ನು ಆಕೆ ಮುಚ್ಚಳ ತೆಗೆದು ನೋಡುತ್ತಿದ್ದಳು. ನಾನು ನೋಡಲಿಲ್ಲ.

ಇನ್ನು ನಮ್ಮ ಕೀಟಕ್ಕೆ ಬರೋಣ. ಇದರ ಹೆಸರು ಅಥಾಲಿಯ ಲ್ಯೂಜೆನ್ಸ್. ಹಳೆಯ ಪುಸ್ತಕಗಳಲ್ಲಿ ಅಥಾಲಿಯ ಪ್ರಾಕ್ಸಿಮ ಎಂದಿರುತ್ತದೆ. 1815ರಲ್ಲಿ ಹೆಸರಿಟ್ಟವನು ಜರ್ಮನಿಯ ಕ್ಲುಗ್. ಭಾರತ, ನೇಪಾಳ, ಬಾಂಗ್ಲಾದೇಶ, ಮ್ಯಾನ್ಮಾರ್, ತೈವಾನ್, ಇಂಡೋನೇಷ್ಯಗಳಲ್ಲಿ ಇದರ ವಾಸ. ಉತ್ತರ ಭಾರತದಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇದರ ಕಾಲ. ಅಲ್ಲಿ ಹೊಲದ ತುಂಬ ಸಾಸಿವೆ. ಮೂರು ನಾಲ್ಕು ವಾರದ ಎಳೆ ಸಸಿಗಳೇ ಇದಕ್ಕೆ ಪ್ರಿಯ. ಆ ಕಡೆಯ ಅಡಿಗೆಯೇ ಸಾಸಿವೆ ಎಣ್ಣೆಯಲ್ಲಿ ಆಗುವುದರಿಂದ ಅಲ್ಲಿ ಇದು ದೊಡ್ಡ ಶತ್ರು. ನಮ್ಮಲ್ಲಿ ಸಾಸಿವೆ ಒಗ್ಗರಣೆ ಡಬ್ಬಿಯಷ್ಟೆ, ಹಾಗಾಗಿ ನಮಗೆ ಹೆಚ್ಚು ಕಾಣುವುದು ಮೂಲಂಗಿಯ ಮೇಲೆ. ಎಲೆಕೋಸು, ಹೂಕೋಸು, ನವಿಲುಕೋಸು, ಟರ್ನಿಪ್ ಎಲ್ಲವನ್ನೂ ತಿನ್ನುತ್ತದೆ. ಇಂಪೀರಿಯಲ್ ಕೀಟತಜ್ಞನಾಗಿದ್ದ ಲೆಫ್ರಾಯ್ 1906ರಲ್ಲಿ ಭಾರತದ ಪೀಡೆ ಕೀಟಗಳ ಪುಸ್ತಕ ಬರೆದಾಗ ಇದನ್ನೂ ಸೇರಿಸಿದ. 1914ರಲ್ಲಿ ಫ್ಲೆಚರ್ ದಕ್ಷಿಣ ಭಾರತದ ಕೀಟಗಳ ಬಗ್ಗೆ ಮದರಾಸಿನಿಂದ ದೊಡ್ಡ ಗ್ರಂಥ ತಂದ. ನಮ್ಮ ಮೈಸೂರು ಸಂಸ್ಥಾನವೂ 1908ರಲ್ಲೇ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಕರೆಸಿ ಬೆಳೆಯ ರೋಗ, ಕೀಟಗಳ ಅಧ್ಯಯನಕ್ಕೆ ಇಟ್ಟುಕೊಂಡಿತ್ತು. ನಾನು ಇದನ್ನೆಲ್ಲ ಓದಬಹುದಾಗಿದ್ದ ಕಾಲಕ್ಕೆ ಇವರೆಲ್ಲರ ಪುಸ್ತಕಗಳಿಗೆ ಎಂಬತ್ತು ತೊಂಬತ್ತು ವರ್ಷ ವಯಸ್ಸಾಗಿತ್ತು ಎಂಬುದನ್ನು ಮರೆಯಲಾರೆ.

ಮೂಲಂಗಿಗೂ ಕೋಸಿಗೂ ಸಾಸಿವೆಗೂ ಏನು ನಂಟು ಎಂದು ಕೇಳಿದರೆ, ಎಲ್ಲವೂ ಒಂದೇ ಮನೆತನ. ಹೂವು ಬಿಟ್ಟಾಗ ನೋಡಿ, ನಾಲ್ಕೇ ಎಸಳು, ಅಡ್ಡಕ್ಕೂ ಉದ್ದಕ್ಕೂ ಗೆರೆ ಎಳೆದಂತೆ. ಇವುಗಳ ಘಾಟಿನ ಗುಟ್ಟು ನಮಗೆ ಅಡಿಗೆಮನೆಯಲ್ಲೇ ಗೊತ್ತು. ಸಾಸಿವೆಯನ್ನು ಕಾದ ಎಣ್ಣೆಗೆ ಹಾಕಿ ಸಿಡಿಸಿದರೆ ಖಾರವಿಲ್ಲ. ಅದೇ ಹಸಿ ಸಾಸಿವೆಯನ್ನು ಕಾಯಿಯ ಜೊತೆ ನೀರು ಹಾಕಿ ರುಬ್ಬಿ ಮಾವಿನಹಣ್ಣಿನ ಸಾಸಿವೆ ಮಾಡಿದರೆ ಮೂಗಿಗೆ ಏರುತ್ತದೆ. ಈ ಗಿಡಗಳ ಜೀವಕೋಶಗಳಲ್ಲಿ ಗ್ಲೂಕೋಸಿನೋಲೇಟ್ ಎಂಬ ವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಬೇರೆ ಬೇರೆಯಾಗಿ ಇರುತ್ತವೆ. ಅರೆದಾಗ, ಜಗಿದಾಗ ಎರಡೂ ಕೂಡಿ ಘಾಟು ಹುಟ್ಟುತ್ತದೆ. ಕಾದ ಎಣ್ಣೆ ಆ ಕಿಣ್ವವನ್ನು ಮೊದಲೇ ಕೆಡಿಸಿಬಿಡುತ್ತದೆ.

ಗಿಡ ಈ ಘಾಟನ್ನು ಇಟ್ಟುಕೊಂಡಿರುವುದು ಹುಳುಗಳನ್ನು ದೂರವಿಡಲು. ಬಹಳ ಹುಳುಗಳು ದೂರವೇ ಉಳಿಯುತ್ತವೆ. ಗರಗಸ ನೊಣಕ್ಕೆ ಮಾತ್ರ ಆ ರುಚಿಯೇ ಊಟದ ಕರೆ. ಯೂರೋಪಿನ ಅಕ್ಕನ ಮರಿಯಂತೂ ಎಲೆಯ ಆ ವಸ್ತುವನ್ನು ತನ್ನ ಮೈಯ ದ್ರವಕ್ಕೇ ಸೇರಿಸಿಕೊಳ್ಳುತ್ತದೆ. ಇರುವೆ ಬಂದು ಕಚ್ಚಿದರೆ ತೆಳು ಚರ್ಮ ಒಡೆದು ಹನಿ ಜಿನುಗುತ್ತದೆ, ಇರುವೆ ಹಿಮ್ಮೆಟ್ಟುತ್ತದೆ. ಜಪಾನಿನಲ್ಲಿ ಇದೇ ಜಾತಿಯ ರೆಕ್ಕೆ ಬಂದ ನೊಣಗಳು, ಮರಿಗಳು ತಿನ್ನದ ಬೇರೊಂದು ಗಿಡಕ್ಕೆ, ನಮ್ಮ ತಗ್ಗಿ ಗಿಡದ ಬಳಗದ್ದಕ್ಕೆ, ಹೋಗಿ ಎಲೆಯನ್ನು ಕೆರೆದು ಅದರ ಕಹಿಯನ್ನು ಮೈಗೂಡಿಸಿಕೊಳ್ಳುತ್ತವೆ. ಮರಿಗೆ ಖಾರ, ದೊಡ್ಡದಕ್ಕೆ ಕಹಿ.

ಎಲ್ಲ ಕಹಿಯೂ ಈ ಕುಲಕ್ಕೆ ಹಿಡಿಸುವುದಿಲ್ಲ. ಹಾಗಲಕಾಯಿ ಬೀಜದ ಎಣ್ಣೆಯನ್ನು ನೀರಿನಲ್ಲಿ ಕದಡಿ ಎಲೆಗೆ ಹೊಡೆದರೆ ನಮ್ಮ ಸಾಸಿವೆ ಗರಗಸ ನೊಣದ ಮರಿ ತಿನ್ನುವುದನ್ನೇ ಬಿಡುತ್ತದೆ ಎಂದು ನಮ್ಮ ದೇಶದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಎಳೆ ಸಸಿಗಳಿಗೆ ನೀರು ಹಾಯಿಸಿದರೂ ಬಹಳಷ್ಟು ಮರಿಗಳು ಮುಳುಗಿ ಸಾಯುತ್ತವೆ.

ನನಗೆ ಇದೆಲ್ಲ ಆಗ ತಿಳಿದಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಬೆಂಕಿಪೊಟ್ಟಣದ ಕಥೆಗೆ ಇನ್ನೊಂದು ತುದಿ ಇದೆ. ಆ ಚಳಿಗಾಲದಲ್ಲೇ ಹುಡುಗಿಯ ತಾಯಿ ಸ್ಕೂಲಿನ ಗೇಟಿನ ಹತ್ತಿರ ನಿಂತು ನನ್ನನ್ನು ಕೇಳಿದ್ದಳು, "ಮೊರ ಹಿಡಿದು ಗಿಡ ತಟ್ಟಿದ್ರೆ ಉದುರ್ತಾವಮ್ಮ, ದಿನಾ ಬೆಳಿಗ್ಗೆ ಅದೇ ಮಾಡ್ತೀನಿ. ಕೈ ಸೋತುಹೋಯ್ತು. ನೀವು ಓದಿದೋರು, ಏನಾದ್ರೂ ಹಾಕ್ಬೋದಾ?" ನನ್ನ ಅಪ್ಪ ಹಳ್ಳಿಯಲ್ಲಿ ಭತ್ತಕ್ಕೆ ಬಿ.ಎಚ್.ಸಿ. ಪುಡಿ ಎರಚುತ್ತಿದ್ದದ್ದು ನೆನಪಾಯಿತು. ಅದನ್ನೇ ಹೇಳಿದೆ. ಎಷ್ಟು, ಯಾವಾಗ, ಎಷ್ಟು ದಿನ ಬಿಟ್ಟು ಕೀಳಬೇಕು, ಒಂದೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ನಾಲ್ಕು ದಿನದ ಮೇಲೆ ಅವಳು ಮಗಳ ಜೊತೆ ನಮ್ಮ ಬಾಗಿಲಿಗೆ ಸೊಪ್ಪು ತಂದಳು. ಎಲೆಯ ಬುಡದಲ್ಲಿ ಬಿಳಿ ಪುಡಿ ಕಾಣುತ್ತಿತ್ತು. ನನ್ನ ಮಗನಿಗೆ ಆಗ ಎರಡು ವರ್ಷ. "ಇವತ್ತು ಬೇಡಮ್ಮ" ಎಂದೆ. ಯಾಕೆ ಬೇಡ ಎನ್ನಲಿಲ್ಲ. ಹುಡುಗಿ ಎಲೆಯನ್ನು ನೋಡಿದಳು, ನನ್ನನ್ನು ನೋಡಿದಳು. ತಾಯಿ ಬುಟ್ಟಿ ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ಪಕ್ಕದ ಮನೆಯವರು ಕೊಂಡರು. ನಾನು ಬಾಗಿಲು ಹಾಕಿಕೊಂಡೆ.

1997ರಲ್ಲಿ ಸರಕಾರ ಬಿ.ಎಚ್.ಸಿ.ಯನ್ನು ನಿಷೇಧಿಸಿತು. ಪತ್ರಿಕೆಯಲ್ಲಿ ಓದಿದ ದಿನ ಸಮಾಧಾನವಾಗಲಿಲ್ಲ. ಅಷ್ಟು ಹೊತ್ತಿಗೆ ಹುಡುಗಿ ಹತ್ತನೆಯ ತರಗತಿ ಮುಗಿಸಿ ಊರು ಬಿಟ್ಟಿದ್ದಳು.

ಹೋದ ವರ್ಷ ಜನವರಿಯಲ್ಲಿ ಪಕ್ಕದ ಊರಿನ ಸಂತೆಯಲ್ಲಿ ಅವಳು ಸಿಕ್ಕಳು. ಗಂಡನ ಮನೆಯ ಒಂದೂವರೆ ಎಕರೆಯಲ್ಲಿ ತರಕಾರಿ ಬೆಳೆಯುತ್ತಾಳಂತೆ. ಕೂದಲು ಅಲ್ಲಲ್ಲಿ ನೆರೆತಿತ್ತು. ನಾನೇ ಗುರುತು ಹೇಳಿದೆ. ತಾಯಿ ತೀರಿಕೊಂಡು ಆರು ವರ್ಷವಾಯಿತು ಎಂದಳು. ಏನು ಹೇಳಬೇಕೋ ತಿಳಿಯದೆ, ಮೂಲಂಗಿ ಕಟ್ಟನ್ನು ಎತ್ತಿ ಎಲೆ ಮಗುಚಿದೆ. ಅಲ್ಲೊಂದು ಕಪ್ಪು ಹುಳು ಸುರುಳಿಯಾಗಿ ಕೂತಿತ್ತು. "ಪುಡಿ ಹೊಡೆಯೋದಿಲ್ಲ ಟೀಚರ್, ಅದಕ್ಕೇ ಒಂದೆರಡು ಇರ್ತಾವೆ. ಅಮ್ಮನ ಹಾಗೆ ಮೊರದಲ್ಲೇ ತಟ್ತೀನಿ" ಎಂದಳು.

"ಅವತ್ತು ನೀನು ಎಣಿಸಿದ್ದು ಸರಿ ಇತ್ತು. ಎಂಟು ಜೊತೆ. ಅದು ಚಿಟ್ಟೆಯದಲ್ಲ. ಬಾಟಲಿಯ ಕೀಟವೂ ಹೊರಗಿನಿಂದ ಬಂದದ್ದಲ್ಲ" ಎಂದೆ. ಪುಡಿಯ ಮಾತೂ ಆಡಿದೆ, ಬಾಗಿಲಿನ ಮಾತೂ ಆಡಿದೆ. ಸಂತೆಯ ಗದ್ದಲದಲ್ಲಿ ಎಷ್ಟು ಕೇಳಿಸಿತೋ. ಅವಳು ತಕ್ಕಡಿ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಎಂಟು ಅಂತ ನನಗೆ ಅವತ್ತೇ ಗೊತ್ತಿತ್ತು ಟೀಚರ್" ಎಂದು ಹೇಳಿ, ಇನ್ನೊಂದು ಕಟ್ಟು ಮೂಲಂಗಿ ನನ್ನ ಚೀಲಕ್ಕೆ ಹಾಕಿದಳು. ದುಡ್ಡು ಕೊಟ್ಟೆ. ಎರಡು ಕಟ್ಟಿಗೂ ತೆಗೆದುಕೊಂಡಳು.

ಮನೆಗೆ ಬಂದು ಸೊಪ್ಪು ಬಿಡಿಸುವಾಗ ಇನ್ನೊಂದು ಹುಳು ಸಿಕ್ಕಿತು. ಕನ್ನಡಕ ಹಾಕಿಕೊಂಡು, ತಟ್ಟೆಯ ಮೇಲೆ ಇಟ್ಟು, ಅದು ಬಿಚ್ಚಿಕೊಳ್ಳುವವರೆಗೆ ಕಾದು, ಕಾಲು ಎಣಿಸಿದೆ.